ಪೈಲಟ್ ಆಗಲು ವಾಯುಪಡೆಯೋ, ನೌಕಾಪಡೆಯೋ, ಭೂಸೇನೆಯೋ? ಅನುಭವವಿದ್ದವರು ತಿಳಿಸಿ

ಜಮಖಂಡಿಯಿಂದ ಒಬ್ಬ ತಂದೆಯ ಪ್ರಶ್ನೆ

ನನ್ನ ಮಗ ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದಾನೆ. ಪೈಲಟ್ ಆಗುವುದನ್ನು ಬಿಟ್ಟು ಅವನಿಗೆ ಬೇರೆ ಯೋಚನೆಯೇ ಇಲ್ಲ. ಮೂರೂ ಪಡೆಗಳ ಭಾವಿ ಅಧಿಕಾರಿಗಳಿಗೆ ತರಬೇತಿ ಕೊಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಅರ್ಜಿಯಲ್ಲಿ ಯಾವ ಪಡೆಗೆ ಮೊದಲ ಆದ್ಯತೆ ಕೊಡಬೇಕೆಂಬುದು ನಮಗೆ ತಿಳಿಯುತ್ತಿಲ್ಲ. ವಾಯುಪಡೆಗೆ ಪೈಪೋಟಿ ಹೆಚ್ಚು, ನೌಕಾಪಡೆ ಅಥವಾ ಭೂಸೇನೆ ಸೇರಿಯೂ ಹಾರಬಹುದು ಎಂದು ಪರಿಚಯದವರು ಹೇಳುತ್ತಾರೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ಎಂಬ ಅಳುಕೂ ನಮಗಿದೆ. ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಬೇಕು.

ಬಾಗಲಕೋಟೆ ನವನಗರದಿಂದ ಒಬ್ಬ ತಾಯಿ

ನನ್ನ ಮಗ ವಾಯುಪಡೆಯನ್ನೇ ಮೊದಲು ಬರೆದಿದ್ದ. ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಮೈಸೂರಿನ ಆಯ್ಕೆ ಮಂಡಳಿಗೆ ಹೋದವನು ಮನೋವಿಜ್ಞಾನ ಪರೀಕ್ಷೆ, ಗುಂಪು ಕಾರ್ಯ, ಸಂದರ್ಶನ ಎಲ್ಲವನ್ನೂ ದಾಟಿ ಶಿಫಾರಸುಗೊಂಡ. ಆಮೇಲೆ ನಡೆದ ಸಿಪಿಎಸ್‌ಎಸ್‌ನಲ್ಲಿ, ಅಂದರೆ ಪೈಲಟ್ ಆಗುವ ಸಾಮರ್ಥ್ಯವನ್ನು ಕಂಪ್ಯೂಟರ್ ಮೂಲಕ ಅಳೆಯುವ ಪರೀಕ್ಷೆಯಲ್ಲಿ, ಬಿದ್ದ. ಈ ಪರೀಕ್ಷೆಗೆ ಜೀವಮಾನದಲ್ಲಿ ಒಂದೇ ಅವಕಾಶ. ಒಮ್ಮೆ ಅನುತ್ತೀರ್ಣನಾದವನು ಮುಂದೆ ಪದವಿ ಮುಗಿಸಿ ವಾಯುಪಡೆಯ ಪ್ರವೇಶ ಪರೀಕ್ಷೆಯಾದ ಎಎಫ್‌ಕ್ಯಾಟ್ ಬರೆದರೂ ಹಾರಾಟ ವಿಭಾಗಕ್ಕೆ ಬರುವಂತಿಲ್ಲ. ಹದಿನೆಂಟು ತುಂಬುವ ಮೊದಲೇ ಮಗನ ಪಾಲಿಗೆ ಆ ಬಾಗಿಲು ಮುಚ್ಚಿತು.

ಖರ್ಚನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನ ಒಂದು ತರಬೇತಿ ಕೇಂದ್ರಕ್ಕೆ 1,65,000 ರೂಪಾಯಿ, ಪಿಜಿಗೆ ತಿಂಗಳಿಗೆ 9,500, ಮೂಗಿನ ನಡುಗೋಡೆ ಓರೆಯಾಗಿದೆಯೆಂದು ವೈದ್ಯಕೀಯ ತಪಾಸಣೆಗೂ ಮುಂಚೆ ಮಾಡಿಸಿದ ಶಸ್ತ್ರಚಿಕಿತ್ಸೆಗೆ 48,000, ಹಲ್ಲಿನ ದುರಸ್ತಿಗೆ 11,000. ಇವೆಲ್ಲದರ ಮೇಲೆ ಸಿಪಿಎಸ್‌ಎಸ್ ಅಭ್ಯಾಸದ ಯಂತ್ರವೆಂದು ಅದೇ ಕೇಂದ್ರದವರು ತೋರಿಸಿದ, ಕಂಪ್ಯೂಟರ್ ಆಟದ ಸ್ಟಿಕ್ ಜೋಡಿಸಿದ ಪೆಟ್ಟಿಗೆಗೆ 18,000. ಮೈಸೂರಿನಲ್ಲಿ ಸ್ಟಿಕ್ಕನ್ನೂ ಕಾಲಿನ ಪೆಡಲ್‌ಗಳನ್ನೂ ಒಟ್ಟಿಗೆ ಹತೋಟಿಯಲ್ಲಿಡಬೇಕಿತ್ತು. ಆ ಪೆಟ್ಟಿಗೆಗೆ ಪೆಡಲ್‌ಗಳೇ ಇರಲಿಲ್ಲ.

ಬೆಳಗಾವಿ ಟಿಳಕವಾಡಿಯಿಂದ ನೌಕಾಪಡೆಯ ಮಾಜಿ ಪೈಲಟ್

ನಾನು ಇಂಜಿನಿಯರಿಂಗ್ ಮುಗಿಸಿ ಶಾರ್ಟ್ ಸರ್ವಿಸ್‌ನ (ನಿಗದಿತ ವರ್ಷಗಳಷ್ಟೇ ಇರುವ ಸೇವೆಯ) ಪೈಲಟ್ ಪ್ರವೇಶದಿಂದಲೇ ನೌಕಾಪಡೆಗೆ ಸೇರಿದವನು. ಕೇರಳದ ಎಳಿಮಲದ ನೌಕಾ ಅಕಾಡೆಮಿ ಮುಗಿಸಿ, ತಮಿಳುನಾಡಿನ ಅರಕ್ಕೋಣಂನಲ್ಲಿರುವ ನೌಕಾಪಡೆಯ ವಾಯುನೆಲೆ ಐಎನ್‌ಎಸ್ ರಾಜಾಳಿಯಲ್ಲಿ ಹೆಲಿಕಾಪ್ಟರ್ ಕಲಿತು, ಹಡಗುಗಳ ಮೇಲೆ ಹಾರಿದೆ. ಮಳೆಗಾಲದ ರಾತ್ರಿಯಲ್ಲಿ, ಏಳುತ್ತಾ ಬೀಳುತ್ತಾ ಓಡುತ್ತಿರುವ ಹಡಗಿನ ಹಿಂಬದಿಯಲ್ಲಿ ನಮ್ಮ ಊರ ಮನೆಯ ಮಾಳಿಗೆಯಷ್ಟೇ ಇರುವ ಜಾಗಕ್ಕೆ ಹೆಲಿಕಾಪ್ಟರ್ ಇಳಿಸಿದವನಿಗೆ ನೆಲದ ಮೇಲಿನ ಯಾವ ರನ್‌ವೇಯೂ ಕಷ್ಟವೆನಿಸುವುದಿಲ್ಲ. ಇದಕ್ಕಿಂತ ಕಠಿಣವಾದ ಹಾರಾಟ ನಮ್ಮ ದೇಶದ ಬೇರೆ ಯಾವ ಪಡೆಯಲ್ಲೂ ಇಲ್ಲವೆಂದು ನಾನು ಖಚಿತವಾಗಿ ಹೇಳಬಲ್ಲೆ.

ಆದರೆ ಹದಿನಾಲ್ಕು ವರ್ಷಕ್ಕೆ ಸೇವೆ ಮುಗಿಯಿತು. ಪಿಂಚಣಿಗೆ ಇಪ್ಪತ್ತು ವರ್ಷ ಬೇಕಾದ್ದರಿಂದ ಅದೂ ಇಲ್ಲ. ವಿಮಾನಯಾನ ಕಂಪನಿ ಸೇರೋಣವೆಂದರೆ ಹೆಲಿಕಾಪ್ಟರ್ ಅನುಭವ ಮಾತ್ರ ಸಾಲದು. ರೆಕ್ಕೆಯ ವಿಮಾನದ ಪರವಾನಗಿಗೆ ಮತ್ತೆ ಹಾರಾಟ, ಮತ್ತೆ ನಾಗರಿಕ ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ಪರೀಕ್ಷೆಗಳು, ಮತ್ತೆ ಲಕ್ಷಗಟ್ಟಲೆ ಹಣ. ಗೋವಾದ ನೌಕಾ ವಾಯುನೆಲೆ ಐಎನ್‌ಎಸ್ ಹಂಸದಲ್ಲಿ ಮಿಗ್-29ಕೆ ಯುದ್ಧವಿಮಾನ ಹಾರಿಸುವ ಆಸೆಯಿದ್ದವರೂ ನೆನಪಿಡಲಿ: ನೌಕಾಪಡೆಯಲ್ಲಿ ಹೆಲಿಕಾಪ್ಟರ್‌ಗೆ ಹೋಗುವವರೇ ಹೆಚ್ಚು.

ವಿಜಯಪುರದಿಂದ ಭೂಸೇನೆಯ ನಿವೃತ್ತ ಅಧಿಕಾರಿ

ಮೇಲಿನವರು ಸಮುದ್ರಮಟ್ಟದ ದಟ್ಟ ಗಾಳಿಯಲ್ಲಿ ಹಾರಿ ಇಷ್ಟು ಮಾತನಾಡುವುದಾದರೆ, ಸಿಯಾಚಿನ್‌ನಲ್ಲಿ ಚೀತಾ ಹೆಲಿಕಾಪ್ಟರ್ ಹಾರಿಸಿದ ನಾವು ಏನೆಲ್ಲ ಹೇಳಬೇಕು? ಅಲ್ಲಿನ ಅತಿ ಎತ್ತರದ ಠಾಣೆಗಳಿಗೆ ಒಂದು ಸಲಕ್ಕೆ ಒಂದು ಜೆರಿಕ್ಯಾನ್ ಸೀಮೆಎಣ್ಣೆಯಷ್ಟೇ ಒಯ್ಯಲು ಸಾಧ್ಯವಾಗುವ ಹೊತ್ತುಗಳಿವೆ. ಗಾಳಿ ಅಷ್ಟು ತೆಳು.

ನಾನು ಇದೇ ಊರಿನ ಸೈನಿಕ ಶಾಲೆಯಲ್ಲಿ ಓದಿದವನು. 1963ರಿಂದ ಈ ಭಾಗದ ರೈತರ ಮಕ್ಕಳನ್ನು ಅಧಿಕಾರಿಗಳನ್ನಾಗಿ ಮಾಡಿದ ಶಾಲೆ ಅದು. ಎನ್‌ಡಿಎ ಮುಗಿಸಿ ಫಿರಂಗಿ ದಳ ಸೇರಿದೆ. ಆಮೇಲೆ ಸ್ವಇಚ್ಛೆಯಿಂದ ಹೆಸರು ಕೊಟ್ಟು, ಆಯ್ಕೆಯಾಗಿ, ನಾಸಿಕದ ಶಾಲೆಯಲ್ಲಿ ಹಾರಾಟ ಕಲಿತೆ. ನಮ್ಮ ಆರ್ಮಿ ಏವಿಯೇಷನ್ 1986ರ ನವೆಂಬರ್ 1ರಂದು ಪ್ರತ್ಯೇಕ ದಳವಾದದ್ದು. ಈಗ ತರಬೇತಿ ಮುಗಿದೊಡನೆ ಈ ದಳಕ್ಕೇ ನೇರವಾಗಿ ಸೇರಿಸಿಕೊಳ್ಳುವುದೂ ಇದೆ. ನಮ್ಮ ಕಾಲದಲ್ಲಿ ಆ ಭಾಗ್ಯವಿರಲಿಲ್ಲ, ನಮ್ಮ ಬ್ಯಾಚಿನ ಅನೇಕರು ಹೆಸರು ಕೊಟ್ಟೂ ನೆಲದಲ್ಲೇ ಉಳಿದರು. ಪದಾತಿ ಸೈನಿಕನ ಕಷ್ಟ ತಿಳಿದು ಅವನಿಗಾಗಿ ಹಾರುವವನು ಭೂಸೇನೆಯ ಪೈಲಟ್ ಒಬ್ಬನೇ.

ಟಿಳಕವಾಡಿಯ ಮಾಜಿ ಪೈಲಟ್

ನೀವು 1986ರ ಲೆಕ್ಕ ಹೇಳುತ್ತೀರಿ. ಕೊಚ್ಚಿಯಲ್ಲಿ ನಮ್ಮ ವಾಯುನೆಲೆ ಐಎನ್‌ಎಸ್ ಗರುಡ 1953ರಲ್ಲೇ ಆರಂಭವಾಗಿತ್ತು, 1971ರ ಯುದ್ಧದಲ್ಲಿ ವಿಮಾನವಾಹಕ ಹಡಗು ವಿಕ್ರಾಂತ್‌ನಿಂದ ಎದ್ದ ಸೀಹಾಕ್ ಯುದ್ಧವಿಮಾನಗಳು ಚಿತ್ತಗಾಂಗ್ ಮತ್ತು ಕಾಕ್ಸ್ ಬಜಾರ್ ಮೇಲೆ ಎರಗಿದ್ದವು. ನಮ್ಮ ಹಾರಾಟವನ್ನು ದಟ್ಟ ಗಾಳಿಯ ಹಾರಾಟವೆಂದು ಕಡೆಗಣಿಸುವ ಹಕ್ಕು ನಿಮಗಿಲ್ಲ. ಕತ್ತಲಲ್ಲಿ ನೀರಿಗೆ ಬಿದ್ದ ಸಹಪಾಠಿಯನ್ನು ಕಳೆದುಕೊಂಡವನು ನಾನು.

ಗೋಕಾಕದಿಂದ ಒಬ್ಬ ತಂದೆ

ನಮ್ಮ ಮಗಳದು ಬೇರೆಯೇ ಕಥೆ. ವಾಣಿಜ್ಯ ಪೈಲಟ್ ಪರವಾನಗಿ ಇದ್ದರೆ ಎಎಫ್‌ಕ್ಯಾಟ್ ಹಾರಾಟ ವಿಭಾಗದ ವಯೋಮಿತಿ 24ರಿಂದ 26ಕ್ಕೆ ಏರುತ್ತದೆ. ಆ ಧೈರ್ಯದಿಂದ, ವಿಮಾನಯಾನ ಕಂಪನಿಯ ದಾರಿಯೂ ತೆರೆದಿರಲಿ ಎಂದು, ಮೊದಲು ಪರವಾನಗಿ ಮಾಡಿಸಿದೆವು. ಅದಕ್ಕೆ 200 ಗಂಟೆ ಹಾರಬೇಕು. ಗಂಟೆಗೆ 14,500 ರೂಪಾಯಿಯಂತೆ ಲೆಕ್ಕ ಕೊಟ್ಟರು. ಎರಡು ಎಂಜಿನ್‌ನ ವಿಮಾನಕ್ಕೆ ಬೇರೆ ದರ, ನೆಲದ ಪಾಠಕ್ಕೆ ಬೇರೆ, ವಸತಿಗೆ ಬೇರೆ. ಬೆಳಗಾವಿಯ ಮಳೆಗಾಲದಲ್ಲಿ ಮೋಡ ಕೆಳಗಿಳಿದರೆ ವಾರಗಟ್ಟಲೆ ಹಾರಾಟವಿಲ್ಲ, ಆದರೆ ಕೋಣೆಯ ಬಾಡಿಗೆ ನಿಲ್ಲುವುದಿಲ್ಲ. ವಿಮಾನ ದುರಸ್ತಿಗೆ ಹೋದರೆ ಬಿಡಿಭಾಗ ಬರುವವರೆಗೆ ಕಾಯಬೇಕು. ಎಲ್ಲ ಸೇರಿ 52 ಲಕ್ಷ ದಾಟಿತು. ಕಬ್ಬಿನ ಹೊಲವನ್ನು ಬ್ಯಾಂಕಿಗೆ ಒತ್ತೆಯಿಟ್ಟಿದ್ದೇನೆ.

ಪರವಾನಗಿ ಬಂತು, ಎಎಫ್‌ಕ್ಯಾಟ್ ಆಯಿತು, ಸಿಪಿಎಸ್‌ಎಸ್ ಕೂಡ ಆಯಿತು. ವೈದ್ಯಕೀಯದಲ್ಲಿ ಕಾಲಿನ ಉದ್ದ ಕನಿಷ್ಠ 99 ಸೆಂಟಿಮೀಟರ್ ಇರಬೇಕೆಂದು ಹೇಳಿ ವಾಪಸು ಕಳಿಸಿದರು. ಎತ್ತರ ಮಾತ್ರ ಕನಿಷ್ಠ ಮಿತಿಯಾದ 162.5 ಸೆಂಟಿಮೀಟರ್‌ಗಿಂತ ಹೆಚ್ಚೇ ಇತ್ತು. ನಾಗರಿಕ ಪರವಾನಗಿಯ ತಪಾಸಣೆಯಲ್ಲಿ ಯಾರೂ ಕಾಲು ಅಳೆದಿರಲಿಲ್ಲ.

ಟಿಳಕವಾಡಿಯ ಮಾಜಿ ಪೈಲಟ್

ಸರ್ಕಾರ ಪುಕ್ಕಟೆಯಾಗಿ ಕಲಿಸಿ ಸಂಬಳವನ್ನೂ ಕೊಡುವ ವಿದ್ಯೆಗೆ 52 ಲಕ್ಷ ಸುರಿಯುವುದನ್ನು ಇನ್ನೊಬ್ಬರಿಗೆ ದಾರಿಯೆಂದು ತೋರಿಸಬೇಡಿ.

ಗೋಕಾಕದ ತಂದೆ

ಇದನ್ನು ನಾನು ಯಾರಿಗೂ ದಾರಿಯೆಂದು ತೋರಿಸಲಿಲ್ಲ. ನನ್ನ ಮಗಳ ಕೈಯಲ್ಲಿ ಇಂದು ಪರವಾನಗಿಯಿದೆ. ಅದೇ ಪರವಾನಗಿಗಾಗಿ ನೀವು ನಿವೃತ್ತಿಯ ನಂತರ ಹಣ ಕಟ್ಟುತ್ತಿದ್ದೀರಿ. ಹೊಲ ನನ್ನದು, ಸಾಲವೂ ನನ್ನದು.

ಬೆಳಗಾವಿಯಿಂದ ವಾಯುಪಡೆಯ ನಿವೃತ್ತ ಸಾರಿಗೆ ವಿಮಾನ ಪೈಲಟ್

ಸಿಯಾಚಿನ್ ಭೂಸೇನೆಯದೊಂದೇ ಎಂಬಂತೆ ಬರೆದಿರುವುದು ಸರಿಯಲ್ಲ. ವಾಯುಪಡೆಯ 114ನೇ ಹೆಲಿಕಾಪ್ಟರ್ ಘಟಕವೂ ದಶಕಗಳಿಂದ ಅಲ್ಲಿ ಹಾರುತ್ತಿದೆ.

ಜಮಖಂಡಿಯವರು ಕೇಳಿದ್ದಕ್ಕೆ ಇಷ್ಟು ಹೇಳುತ್ತೇನೆ. ಎನ್‌ಡಿಎಗೆ ಸೇರುವಾಗಲೇ ಹಾರಾಟ ವಿಭಾಗದವನೆಂದು ಆಯ್ಕೆಯಾಗುವುದು ವಾಯುಪಡೆಯಲ್ಲಿ ಮಾತ್ರ. ನೌಕಾ ಕೆಡೆಟ್ ಮೊದಲು ಹಡಗಿನ ಅಧಿಕಾರಿಯಾಗಿ ಕಲಿಯುತ್ತಾನೆ, ಭೂಸೇನೆಯ ಕೆಡೆಟ್ ಮೊದಲು ಡೆಹ್ರಾಡೂನಿನ ಸೇನಾ ಅಕಾಡೆಮಿಗೆ ಹೋಗುತ್ತಾನೆ. ಹಾರುವ ಅವಕಾಶ ಅವರಿಗೆ ಸಿಗಬಹುದು, ಸಿಗದೆಯೂ ಹೋಗಬಹುದು. ಹಾಗೆಂದು ವಾಯುಪಡೆ ಬರೆದವರೆಲ್ಲ ಬೀದರ್‌ನಲ್ಲಿ ಹಾಕ್ ಎಂಬ ತರಬೇತಿ ಜೆಟ್ ಹಾರಿಸಿ ಯುದ್ಧವಿಮಾನಕ್ಕೆ ಹೋಗುವುದಿಲ್ಲ. ಹೈದರಾಬಾದ್ ಬಳಿಯ ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ ಮೊದಲ ತರಬೇತಿ ವಿಮಾನ ಪಿಲಾಟಸ್ ಹಾರಿಸಿದ ಮೇಲೆ ಅರ್ಹತೆ, ಒಲವು, ಪಡೆಯ ಅಗತ್ಯ ಎಲ್ಲವನ್ನೂ ನೋಡಿ ಹಂಚುತ್ತಾರೆ. ಅಲ್ಲಿ ಹಾರಾಟದಿಂದ ತೆಗೆಯಲ್ಪಟ್ಟವರೂ ಇದ್ದಾರೆ. ನಾನು ಯುದ್ಧವಿಮಾನ ಕೇಳಿದ್ದೆ, ಸಾರಿಗೆ ವಿಮಾನದ ತರಬೇತಿಗೆ ಯಲಹಂಕಕ್ಕೆ ಕಳಿಸಿದರು. ಆಮೇಲೆ ಅರುಣಾಚಲದ ಕಣಿವೆಗಳಲ್ಲಿರುವ ಮೆಚುಕಾದಂಥ ಪುಟ್ಟ ರನ್‌ವೇಗಳಿಗೆ ಎಎನ್-32 ಸಾರಿಗೆ ವಿಮಾನ ಇಳಿಸಿದೆ. ರಸ್ತೆ ಕೊಚ್ಚಿಹೋದಾಗ ಅಲ್ಲಿನ ಜನರಿಗೆ ಅಕ್ಕಿ ಮುಟ್ಟಿಸಿದ್ದು ನಮ್ಮ ವಿಮಾನ. ಅದು ಯಾವ ಯುದ್ಧವಿಮಾನಕ್ಕೂ ಕಡಿಮೆಯಲ್ಲ. ಮಿಗ್-21 2025ರ ಸೆಪ್ಟೆಂಬರ್ 26ರಂದು ನಿವೃತ್ತವಾದ ಮೇಲೆ, 42 ಇರಬೇಕಾದ ಯುದ್ಧವಿಮಾನ ಸ್ಕ್ವಾಡ್ರನ್‌ಗಳು (ತುಕಡಿಗಳು) 29ಕ್ಕೆ ಇಳಿದಿವೆ ಎಂಬುದನ್ನೂ ಹುಡುಗರು ತಿಳಿದಿರಬೇಕು.

ವಿಜಯಪುರದ ನಿವೃತ್ತ ಅಧಿಕಾರಿ

114ರವರ ಧೈರ್ಯವನ್ನು ನಾನು ಅಲ್ಲಗಳೆದಿಲ್ಲ. ಆದರೆ ಠಾಣೆಯಲ್ಲಿ ಕುಳಿತವನ ಹೆಸರು ಹಿಡಿದು ಗುರುತಿಸುವವರು ನಾವೇ ಆಗಿದ್ದೆವು, ಆ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ.

ನವನಗರದ ತಾಯಿ

ಆ ಹುಡುಗನ ತಂದೆ ಕೇಳಿದ್ದು ಅರ್ಜಿಯ ವಿಷಯ. ಗೋಕಾಕದವರು ಹೇಳಿದ ಅಳತೆಯನ್ನು ಮನೆಯಲ್ಲೇ ನೋಡಿಕೊಳ್ಳಬಹುದು: ಗೋಡೆಗೆ ಬೆನ್ನು ತಾಗಿಸಿ ನೆಲದ ಮೇಲೆ ಕೂಡಿಸಿ, ಕಾಲು ನೇರ ಚಾಚಿಸಿ, ಗೋಡೆಯಿಂದ ಹಿಮ್ಮಡಿಯವರೆಗೆ ಅಳೆಯಿರಿ. ಯಾವ ತರಬೇತಿ ಕೇಂದ್ರಕ್ಕೂ ಇದಕ್ಕಾಗಿ ಹಣ ಕೊಡಬೇಡಿ.

ಜಮಖಂಡಿಯ ತಂದೆ

ಅಳೆದೆವು, 102 ಸೆಂಟಿಮೀಟರ್ ಇದೆ. ವಾಯುಪಡೆಯನ್ನು ಮೊದಲು, ನೌಕಾಪಡೆಯನ್ನು ಎರಡನೆಯದಾಗಿ ಬರೆಯಲು ನಿರ್ಧರಿಸಿದ್ದೇವೆ. ಕನ್ನಡ ಮಾಧ್ಯಮದ ವಿಷಯಕ್ಕೆ ಯಾರೂ ಉತ್ತರಿಸಲಿಲ್ಲ. ಲಿಖಿತ ಪರೀಕ್ಷೆಯಲ್ಲಿ ಇಂಗ್ಲಿಷ್‌ಗೇ 200 ಅಂಕಗಳಿವೆ, ಸಂದರ್ಶನವನ್ನು ಹೇಗೆ ಎದುರಿಸಬೇಕೋ ತಿಳಿಯದು. ಅದನ್ನು ದಾಟಿದವರು ಇದ್ದರೆ ಬರೆಯಿರಿ.