ವೇಗಸ್ ನರವನ್ನು ಕತ್ತರಿಸಿದ ಮೇಲೂ ಕರುಳು ಚಲಿಸುವುದು ಹೇಗೆ?

ಪ್ರಶ್ನೆ: ಕಲ್ಯಾಣಪುರದವಳು, ಉಡುಪಿ

ನನ್ನ ಅಪ್ಪಯ್ಯನಿಗೆ ಈಗ 78 ವರ್ಷ. ಸಣ್ಣ ಕರುಳಿನ ಮೊದಲ ಭಾಗವಾದ ಡುವೊಡಿನಮ್‌ನಲ್ಲಿ ಹುಣ್ಣಾಗಿ, 1979ರಲ್ಲಿ ಅವರಿಗೆ ಶಸ್ತ್ರಚಿಕಿತ್ಸೆ ನಡೆದಿತ್ತು. ಮೊನ್ನೆ ಕಪಾಟು ತೆಗೆದು ಹಳೆಯ ಕಾಗದಗಳನ್ನು ಜೋಡಿಸುವಾಗ ಅಂದಿನ ಡಿಸ್ಚಾರ್ಜ್ ಚೀಟಿ ಸಿಕ್ಕಿತು. ಮಡಿಕೆಯಲ್ಲಿ ಹರಿದಿದ್ದರೂ ‘ಟ್ರಂಕಲ್ ವೇಗಾಟಮಿ, ಗ್ಯಾಸ್ಟ್ರೋಜೆಜುನಾಸ್ಟಮಿ’ ಎಂಬ ಬರಹ ಸ್ಪಷ್ಟವಾಗಿತ್ತು. ಟ್ರಂಕಲ್ ವೇಗಾಟಮಿ ಎಂದರೆ ಮಿದುಳಿನಿಂದ ಹೊಟ್ಟೆಗೆ ಇಳಿಯುವ ವೇಗಸ್ ನರವನ್ನು ಎರಡೂ ಕಡೆ ಕತ್ತರಿಸುವುದು. ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುವವಳು. ವೇಗಸ್ ನರ ಜೀರ್ಣಾಂಗಗಳನ್ನು ಚುರುಕುಗೊಳಿಸುತ್ತದೆ, ಸಿಂಪಥೆಟಿಕ್ ನರಗಳು ತಡೆಯುತ್ತವೆ ಎಂದೇ ಇಷ್ಟು ವರ್ಷ ಹೇಳಿಕೊಡುತ್ತ ಬಂದಿದ್ದೇನೆ. ಹಾಗಿದ್ದರೆ ಎರಡೂ ಕಡೆಯ ವೇಗಸ್ ಕತ್ತರಿಸಿಹೋದ ಮನುಷ್ಯ ನಲವತ್ತೈದಕ್ಕೂ ಹೆಚ್ಚು ವರ್ಷ ಉಂಡು ಅರಗಿಸಿಕೊಂಡದ್ದು ಹೇಗೆ?

ಇನ್ನೊಂದು ಮಾತು. ಊಟದ ಮನೆಗಳಲ್ಲಿ ಪಾಯಸ ಬಡಿಸಿಕೊಂಡು ಉಂಡರೆ, ಎಲೆ ಬಿಟ್ಟು ಎದ್ದ ಹದಿನೈದು ಇಪ್ಪತ್ತು ನಿಮಿಷಕ್ಕೆ ಅವರ ಹಣೆ, ಕುತ್ತಿಗೆ ಬೆವರಿ, ಎದೆ ಡವಗುಟ್ಟಿ, ಚಾಪೆ ಹಾಸಿ ಮಲಗಬೇಕಾಗುತ್ತದೆ. ಮನೆಯ ಗಂಜಿ ಊಟಕ್ಕೆ ಹೀಗಾಗುವುದಿಲ್ಲ. ಇದಕ್ಕೂ ಆ ಶಸ್ತ್ರಚಿಕಿತ್ಸೆಗೂ ಸಂಬಂಧವಿದೆಯೇ?

ಉತ್ತರ: ನಿವೃತ್ತ ಅಧ್ಯಾಪಕ, ಕದ್ರಿ, ಮಂಗಳೂರು

ಮೇಡಂ, ನೀವು ಕಲಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಪಠ್ಯದಲ್ಲಿ ಒಂದು ಮುಖ್ಯ ಸಂಗತಿ ಬಿಟ್ಟುಹೋಗಿರುತ್ತದೆ. ಕರುಳಿಗೆ ತನ್ನದೇ ಆದ ನರಮಂಡಲವಿದೆ. ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುತ್ತಿದ್ದಾಗ ಪ್ರತಿ ವರ್ಷವೂ ನಾನು ಮಾಡಿ ತೋರಿಸುತ್ತಿದ್ದ ಪ್ರಯೋಗವೊಂದನ್ನು ಹೇಳುತ್ತೇನೆ. ಮೊಲದ ಸಣ್ಣ ಕರುಳಿನಿಂದ ಎರಡು ಬೆರಳಗಲದ ತುಂಡನ್ನು ಕತ್ತರಿಸಿ, ದೇಹದ ಬಿಸಿಯಷ್ಟೇ ಬೆಚ್ಚಗಿರುವ ಲವಣದ್ರಾವಣದಲ್ಲಿ ತೂಗುಬಿಟ್ಟು, ಗಾಳಿಯ ಗುಳ್ಳೆಗಳನ್ನು ಹಾಯಿಸುತ್ತಿದ್ದೆವು. ಮೇಲಿನ ತುದಿಯ ದಾರ ಒಂದು ಸಣ್ಣ ಸನ್ನೆಕೋಲಿಗೆ, ಸನ್ನೆಕೋಲಿನ ಮೊನೆ ಹೊಗೆ ಹಿಡಿಸಿದ ಕಾಗದ ಸುತ್ತಿದ ಡ್ರಮ್ಮಿಗೆ. ಮಿದುಳಿಲ್ಲ, ಬೆನ್ನುಹುರಿಯಿಲ್ಲ, ಹರಿಯುವ ರಕ್ತವೂ ಇಲ್ಲ. ಆದರೂ ಆ ತುಂಡು ಕುಗ್ಗುತ್ತ ಹಿಗ್ಗುತ್ತ ಕಪ್ಪು ಕಾಗದದ ಮೇಲೆ ಸಾಲಾಗಿ ಬಿಳಿಯ ಅಲೆಗಳನ್ನು ಗೀಚುತ್ತಿತ್ತು. ಅಡ್ರೆನಲಿನ್ ಹನಿ ಬಿದ್ದರೆ ಅಲೆ ಮಲಗುತ್ತಿತ್ತು, ತೊಳೆದು ಅಸಿಟೈಲ್‌ಕೋಲಿನ್ ಹಾಕಿದರೆ ಎತ್ತರಕ್ಕೆ ಏಳುತ್ತಿತ್ತು. ನಿಮ್ಮ ಪಾಠದ ಸಿಂಪಥೆಟಿಕ್ ನರಗಳು (ಅಡ್ರೆನಲಿನ್‌ನಂತೆ) ಮತ್ತು ವೇಗಸ್ ಸೇರಿದ ಪ್ಯಾರಾಸಿಂಪಥೆಟಿಕ್ ನರಗಳು (ಅಸಿಟೈಲ್‌ಕೋಲಿನ್‌ನಂತೆ) ಮಾಡುವುದು ಇಷ್ಟನ್ನೇ: ಆಗಲೇ ನಡೆಯುತ್ತಿರುವ ಕೆಲಸವನ್ನು ಇಳಿಸುವುದು, ಏರಿಸುವುದು.

ಕರುಳಿನ ಗೋಡೆಯನ್ನು ಒಳಗಿನಿಂದ ನೋಡಿದರೆ ಮೊದಲು ಲೋಳೆಪದರ, ಅದರಡಿಯ ಸಂಯೋಜಕ ಪದರ, ಬಳಿಕ ಉಂಗುರದಂತೆ ಸುತ್ತಿದ ಸ್ನಾಯು, ಅದರ ಹೊರಗೆ ಉದ್ದಕ್ಕೆ ಹರಿದ ಸ್ನಾಯು, ಕೊನೆಗೆ ಹೊರಪೊರೆ. ಎರಡು ಸ್ನಾಯುಪದರಗಳ ನಡುವೆ ಬಲೆಯಂತೆ ಹರಡಿರುವುದು ಔರ್‌ಬಾಕ್ ನರಜಾಲ. ಇದು ಚಲನೆಯನ್ನು ನೋಡಿಕೊಳ್ಳುತ್ತದೆ. ಲೋಳೆಪದರದ ಅಡಿಯ ಮೈಸ್ನರ್ ನರಜಾಲ ಮುಖ್ಯವಾಗಿ ರಸಗಳ ಸ್ರಾವವನ್ನೂ ಅಲ್ಲಿನ ರಕ್ತಸಂಚಾರವನ್ನೂ ನೋಡಿಕೊಳ್ಳುತ್ತದೆ. ಎರಡೂ ಸೇರಿ 10 ಕೋಟಿಗೂ ಹೆಚ್ಚು ನರಕೋಶಗಳಿವೆ. ಇವುಗಳ ಜೊತೆ ಕಾಹಾಲ್ ಕೋಶಗಳೆಂಬ ವಿಶೇಷ ಕೋಶಗಳು ತಾಳ ಹಾಕುತ್ತವೆ: ಜಠರದಲ್ಲಿ ನಿಮಿಷಕ್ಕೆ ಸುಮಾರು 3, ಡುವೊಡಿನಮ್‌ನಲ್ಲಿ ಸುಮಾರು 12. ತುತ್ತು ಬಂದು ಗೋಡೆಯನ್ನು ಹಿಗ್ಗಿಸಿದಾಗ ಅದರ ಹಿಂದಿನ ಭಾಗ ಕುಗ್ಗುತ್ತದೆ, ಮುಂದಿನ ಭಾಗ ಸಡಿಲಗೊಳ್ಳುತ್ತದೆ. ಹೊರಗಿನ ನರಗಳನ್ನೆಲ್ಲ ಕತ್ತರಿಸಿದ ಮೇಲೂ ನಾಯಿಯ ಕರುಳಿನಲ್ಲಿ ಹೀಗಾಗುವುದನ್ನು ಶರೀರಕ್ರಿಯಾಶಾಸ್ತ್ರಜ್ಞರಾದ ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲೇ ತೋರಿಸಿಕೊಟ್ಟರು.

ವೇಗಸ್‌ನ ತಂತುಗಳಲ್ಲಿ ಸುಮಾರು ನೂರಕ್ಕೆ 80 ಕರುಳಿನಿಂದ ಮಿದುಳಿಗೆ ಸುದ್ದಿ ಒಯ್ಯುವಂಥವು ಎಂಬುದನ್ನು ಮಕ್ಕಳಿಗೆ ದಯವಿಟ್ಟು ಹೇಳಿ. ಇದು ಆಜ್ಞೆ ಹೊರಡಿಸುವ ನರವೆಂದೇ ನಾವೆಲ್ಲ ತಿಳಿದುಕೊಂಡುಬಿಡುತ್ತೇವೆ.

ಹಾಗಾದರೆ ಕತ್ತರಿಸಿದ್ದರಿಂದ ನಷ್ಟವೇ ಇಲ್ಲವೇ? ಇದೆ, ಮತ್ತು ಅದು ಹೆಚ್ಚಾಗಿ ಜಠರದಲ್ಲಿ. ಆಮ್ಲ ತಗ್ಗಲೆಂದೇ ಆ ಕಾಲದಲ್ಲಿ ವೇಗಸ್ ಕತ್ತರಿಸುತ್ತಿದ್ದರು. ಅದರೊಂದಿಗೆ ಊಟ ಬಂದಾಗ ಜಠರ ಸಡಿಲಗೊಂಡು ಜಾಗ ಮಾಡಿಕೊಡುವ ಗುಣವೂ, ಆಹಾರವನ್ನು ಅರೆದು ಮುಂದೆ ತಳ್ಳುವ ಬಲವೂ ಕುಂದುತ್ತವೆ. ಒಳಗೆ ತಡೆದು ನಿಲ್ಲದಿರಲೆಂದು ಜಠರವನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಿದ್ದರು. ಚೀಟಿಯಲ್ಲಿರುವ ಎರಡನೆಯ ಹೆಸರು ಅದೇ. ಹೀಗೆ ಜಠರದ ಕೆಳಬಾಗಿಲಾದ ಪೈಲೋರಸ್‌ನ ಕಾವಲು ತಪ್ಪಿದ್ದರಿಂದ ಬೆಲ್ಲದ ಪಾಯಸ ಒಮ್ಮೆಲೇ ಕರುಳಿಗೆ ಇಳಿಯುತ್ತದೆ, ಆ ಸಾಂದ್ರ ಸಿಹಿ ರಕ್ತದಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಜೊತೆಗೆ ಕರುಳು ಹಲವು ಹಾರ್ಮೋನುಗಳನ್ನು ಸುರಿಸುತ್ತದೆ. ಬೆವರು, ಎದೆಬಡಿತ, ನಿತ್ರಾಣ ಆಗುವುದು ಇದರಿಂದಲೇ. ಇದನ್ನು ಡಂಪಿಂಗ್ ಸಿಂಡ್ರೋಮ್ ಎನ್ನುತ್ತಾರೆ. ನೀವು ಹೇಳಿದ ಲಕ್ಷಣಗಳು ಅದಕ್ಕೆ ಚೆನ್ನಾಗಿ ಹೊಂದುತ್ತವೆ. ಆದರೂ ಈ ವಯಸ್ಸಿನಲ್ಲಿ ಎದೆಬಡಿತ, ಬೆವರು ಎಂದಮೇಲೆ ಹೃದಯವನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಲೇಬೇಕು.

ಉತ್ತರ: ವಾರ್ಡಿನ ದಾದಿ, ಕುಂದಾಪುರ

ಸರ್ ಹೇಳಿದ್ದಕ್ಕೆ ವಾರ್ಡಿನಲ್ಲಿ ಕಂಡದ್ದನ್ನು ಸೇರಿಸುತ್ತೇನೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರನ್ನು ಬೆಳಿಗ್ಗೆ ನಾವು ಮೊದಲು ಕೇಳುವುದೇ “ಗ್ಯಾಸ್ ಹೋಯಿತೇ?” ಎಂದು. ಕೈ ತಾಗಿದ ಕರುಳು ಕೆಲವು ದಿನ ಸ್ತಬ್ಧವಾಗುತ್ತದೆ. ಸಣ್ಣ ಕರುಳು ಬೇಗ ಎಚ್ಚರಗೊಳ್ಳುತ್ತದೆ, ದೊಡ್ಡ ಕರುಳಿಗೆ ಎರಡು ಮೂರು ದಿನ ಬೇಕು. ಸಿಂಪಥೆಟಿಕ್ ನರಗಳ ತಡೆ ಇದಕ್ಕೊಂದು ಕಾರಣ.

ಇದಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತಿರುವುದು ಒಂದು ಹಸುಗೂಸು. ಹುಟ್ಟಿ ಎರಡು ದಿನವಾದರೂ ಮೊದಲ ಕಪ್ಪು ಮಲ ಹೋಗಿರಲಿಲ್ಲ, ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ಹಿರ್ಷ್‌ಸ್ಪ್ರಂಗ್ ಕಾಯಿಲೆಯೆಂದು ತಿಳಿಯಿತು. ಮಿದುಳಿನಿಂದಲೂ ಬೆನ್ನುಹುರಿಯಿಂದಲೂ ಬರುವ ನರಗಳು ಸರಿಯಾಗಿಯೇ ಇದ್ದವು. ಕರುಳಿನ ಕೊನೆಯ ತುಂಡಿನ ಗೋಡೆಯಲ್ಲಿ ಇರಬೇಕಾದ ನರಕೋಶಗಳು ಮಾತ್ರ ಇರಲಿಲ್ಲ. ಅಷ್ಟು ಭಾಗ ಸಡಿಲಗೊಳ್ಳಲಾರದೆ ಮುಚ್ಚಿಕೊಂಡೇ ಇತ್ತು. ವೇಗಸ್ ಇಲ್ಲದ ನಿಮ್ಮ ಅಪ್ಪಯ್ಯ ಉಣ್ಣುತ್ತಿದ್ದಾರೆ, ಹೊರಗಿನ ನರಗಳೆಲ್ಲ ಇದ್ದ ಆ ಕೂಸಿಗೆ ಶಸ್ತ್ರಚಿಕಿತ್ಸೆ ಬೇಕಾಯಿತು.

ಮರುಪ್ರಶ್ನೆ: ಕಲ್ಯಾಣಪುರದವಳು

ಇಬ್ಬರಿಗೂ ಕೃತಜ್ಞತೆಗಳು. ಬೆಳಿಗ್ಗೆ ಕಾಫಿ ಕುಡಿದೊಡನೆ ಅಪ್ಪಯ್ಯನಿಗೆ ಶೌಚಕ್ಕೆ ಹೋಗಬೇಕೆನಿಸುವುದು ಇಂದಿಗೂ ತಪ್ಪಿಲ್ಲ. ಅದು ವೇಗಸ್‌ನ ಕೆಲಸವಲ್ಲವೇ? ಅವರು ಏಕಾದಶಿಯ ಉಪವಾಸವನ್ನೂ ಬಿಟ್ಟವರಲ್ಲ. ಇದರಿಂದ ತೊಂದರೆಯಿದೆಯೇ?

ಉತ್ತರ: ನಿವೃತ್ತ ಅಧ್ಯಾಪಕ, ಕದ್ರಿ

ವೇಗಸ್‌ನ ವ್ಯಾಪ್ತಿ ದೊಡ್ಡ ಕರುಳಿನ ಅಡ್ಡಭಾಗದ ಮೂರರಲ್ಲಿ ಎರಡು ಪಾಲಿಗೆ ಮುಗಿಯುತ್ತದೆ. ಅಲ್ಲಿಂದ ಗುದದವರೆಗಿನ ಪ್ಯಾರಾಸಿಂಪಥೆಟಿಕ್ ನರಗಳು ಬೆನ್ನುಹುರಿಯ ಕೆಳತುದಿಯಿಂದ ಬರುತ್ತವೆ, ಶಸ್ತ್ರಚಿಕಿತ್ಸೆ ಅವುಗಳನ್ನು ಮುಟ್ಟಿಲ್ಲ. ಕಾಫಿ ಜಠರಕ್ಕಿಳಿದಾಗ ದೊಡ್ಡ ಕರುಳು ಎಚ್ಚರಗೊಳ್ಳುವುದರಲ್ಲಿ ಹಾರ್ಮೋನುಗಳ ಪಾತ್ರವೂ ಇದೆ.

ಏಕಾದಶಿಗಿಂತ ದ್ವಾದಶಿಯ ಬೆಳಗಿನ ಪಾರಣೆಯ ಬಗ್ಗೆ ಎಚ್ಚರವಿರಲಿ. ಬರಿಹೊಟ್ಟೆಗೆ ಪಾಯಸವಾಗಲಿ ಪಾನಕವಾಗಲಿ ಬೇಡ. ಮೊದಲು ಗಟ್ಟಿ ಅನ್ನ, ತೊವ್ವೆ, ಅದೂ ಸ್ವಲ್ಪ ಸ್ವಲ್ಪವಾಗಿ. ನೀರು, ಮಜ್ಜಿಗೆ ಊಟವಾಗಿ ಅರ್ಧ ಗಂಟೆಯ ಮೇಲೆ. ಉಪವಾಸ ಮಾಡಬಹುದೇ ಎಂಬುದನ್ನು ಮಾತ್ರ ಅವರ ವೈದ್ಯರೇ ಹೇಳಬೇಕು. ಹೋಗುವಾಗ ಆ ಹರಿದ ಚೀಟಿಯನ್ನು ತಪ್ಪದೆ ಒಯ್ಯಿರಿ, ರಕ್ತದಲ್ಲಿ ಕಬ್ಬಿಣದಂಶ ಎಷ್ಟಿದೆಯೆಂದು ನೋಡಲೂ ಹೇಳಿ.