‘ಉಂಡ ಮೇಲೆ’ ಅಂದ್ರೆ ಯಾವಾಗ? ‘ಕೋರ್ಸ್’ಗೆ ನಮ್ಮ ಮಾತು ಯಾವುದು?

ಗೆಳೆಯರೆ, ಕಲಬುರಗಿಯಿಂದ ಒಂದು ಪದದ ತಕರಾರು.

ಅವ್ವನಿಗೆ ಕಾಲಿನ ಗಾಯ ಕೀವು ಕಟ್ಟಿತ್ತು. ಡಾಕ್ಟರು ಆಂಟಿಬಯಾಟಿಕ್ ಬರೆದರು: 5 ದಿನ, 1-0-1 (ಮುಂಜಾನೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು), ಉಂಡ ಮೇಲೆ. ಮೂರನೇ ದಿನ ರಾತ್ರಿ ಸ್ಟ್ರಿಪ್ ನೋಡಿದೆ. ಆರು ಗುಳಿಗೆ ಹೋಗಬೇಕಿತ್ತು, ಮೂರೇ ಹೋಗಿದ್ದವು. ಕೇಳಿದರೆ ಅವ್ವ, “ತಮ್ಮಾ, ಉಂಡ ಮ್ಯಾಲ ಅಂದಾರ. ಮುಂಜಾನಿ ನಾ ಎಲ್ಲಿ ಉಣ್ತೀನಿ? ಸುಸಲಾ ತಿಂತೀನಿ” ಅಂದಳು. ಸುಸಲಾ ಅಂದ್ರೆ ಮಂಡಕ್ಕಿ ಒಗ್ಗರಣೆ.

ತಪ್ಪು ಅವಳದಲ್ಲ. ನಮ್ಮಲ್ಲಿ ರೊಟ್ಟಿ ಉಣ್ಣುತ್ತೇವೆ, ನಾಷ್ಟಾ ತಿನ್ನುತ್ತೇವೆ. ಡಾಕ್ಟರಿಗೆ ಎರಡೂ ಒಂದೇ. ಫೋನ್ ಮಾಡಿದೆ. ತಪ್ಪಿದ್ದಕ್ಕೆ ಒಮ್ಮೆಗೇ ಎರಡು ನುಂಗಿಸಬೇಡಿ, ನಾಳೆಯಿಂದ ಸರಿಯಾಗಿ ಕೊಡಿ, ಉಳಿದವನ್ನೂ ಮುಗಿಸಿ ಅಂದರು. ಹಾಗಾದರೆ ಚೀಟಿಯಲ್ಲಿ ‘ಹೊಟ್ಟೆಗೆ ಏನಾದರೂ ಬಿದ್ದ ಮೇಲೆ’ ಎಂದು ಬರೆಯಬೇಕೇ? ಉದ್ದವಾಯಿತು, ಆದರೆ ಅವ್ವನಿಗೆ ತಿಳಿಯುತ್ತದೆ.

ಎರಡನೆಯದು ‘ಕೋರ್ಸ್ ಮುಗಿಸಿ’, ಅಂದ್ರೆ ಬರೆದುಕೊಟ್ಟಷ್ಟೂ ದಿನ ಗುಳಿಗೆ ತಗೊಳ್ಳಿ ಎಂಬ ಡಾಕ್ಟರ ಮಾತು. ನಮ್ಮ ಓಣಿಯಲ್ಲಿ ಇದನ್ನು ‘ಆರಾಮ ಆಗೋತನಕ ತಗೋ’ ಎಂದೇ ತಿಳಿಯುತ್ತಾರೆ. ಅಲ್ಲೇ ಎಡವಟ್ಟು. ನೋವು ಇಳಿದರೂ ಒಳಗೆ ಕೆಲವು ರೋಗಾಣು ಉಳಿದಿರಬಹುದು. ಉಳಿದ ಗುಳಿಗೆಯನ್ನು ಡಬ್ಬಿಯಲ್ಲಿಟ್ಟು ಮುಂದಿನ ನೆಗಡಿಗೆ ಮೊಮ್ಮಗನಿಗೆ ಕೊಡುವುದೂ ಉಂಟು. ಈ ಗುಳಿಗೆ ಬ್ಯಾಕ್ಟೀರಿಯಾಕ್ಕೆ; ನೆಗಡಿ ವೈರಸ್‌ನದು, ಅದಕ್ಕೆ ಇದು ಸುಮ್ನೆ ದಂಡ.

ನಾಟಿ ಔಷಧಿಗೆ ‘ಒಂದು ಮಂಡಲ’ ಎನ್ನುತ್ತಾರೆ, 48 ದಿನ. ಅಷ್ಟು ಚಂದದ ಮಾತು ಐದು ದಿನದ್ದಕ್ಕೆ ಯಾಕಿಲ್ಲ? ‘ಸುತ್ತು’ ಎಂದರೆ ಅರ್ಧಕ್ಕೆ ಬಿಡಬಾರದೆಂಬ ಭಾವ ಬರುತ್ತದೆ ಅನಿಸಿತು. ‘ಗುಳಿಗಿ ಸುತ್ತು ಮುಗಸು’ ಅಂದೆ. “ಗುಡಿ ಸುತ್ತಾಕ ಕಾಲರ ಎಲ್ಲಿ ಅದ?” ಅಂತ ಅವ್ವ ನಕ್ಕಳು.

ಆಂಟಿಬಯಾಟಿಕ್‌ಗೆ ಪುಸ್ತಕದಲ್ಲಿರುವ ‘ಪ್ರತಿಜೀವಕ’ ಎಂಬ ಮಾತನ್ನು ಮೆಡಿಕಲ್ ಅಂಗಡಿಯಲ್ಲಿ ನಾನು ಒಮ್ಮೆಯೂ ಕೇಳಿಲ್ಲ. ಸ್ಟ್ರಿಪ್ ಹಿಂದಿನ ಗೆರೆ ನೋಡಿ ‘ಕೆಂಪು ಗೆರೆ ಗುಳಿಗಿ’ ಎಂಬ ಹೆಸರು ಹೊಳೆದಿತ್ತು. ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬೇಡಿ ಎನ್ನುವ ಗುರುತು ಅದು. ಆದರೆ ಬೇರೆ ಔಷಧಿಗಳ ಮೇಲೂ ಇರುತ್ತದೆ, ಹಾಗಾಗಿ ಹೆಸರು ನಿಲ್ಲುವುದಿಲ್ಲ.

ಬೀದರ, ಯಾದಗಿರಿ ಕಡೆಯವರು ಹೇಳಿ: ನಿಮ್ಮ ಮನೆಯ ಹಿರಿಯರು ಮುಂಜಾನೆಯ ಗುಳಿಗೆಯನ್ನು ಯಾವ ಮಾತು ಕೇಳಿ ತಗೊಳ್ಳುತ್ತಾರೆ? ‘ಕೋರ್ಸ್’ಗೆ ಏನಂತಾರೆ?