ಕತ್ತಿ ಮಸೆಯಲು ಕಲ್ಲೇ ಬೇಕೇ?

ಪ್ರಸನ್ನನ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ನುಣ್ಣಗಾಗಿರುವುದನ್ನು ಮೊದಲು ಕಂಡವರು ಗಿರಿಜಕ್ಕ. ಕಾಫಿ ಲೋಟ ಕೊಡಲು ಬಂದವರು ಕೈ ನೋಡಿ ಹಿಂದೆ ಸರಿದರು.

‘ಇದೇನೋ, ಹುಳುಕಡ್ಡಿಯೇ?’

‘ಅಲ್ಲ ಗಿರಿಜಕ್ಕ, ಪರೀಕ್ಷೆ. ಚಾಕು ಹರಿತವಾಯಿತೋ ಇಲ್ಲವೋ ಎಂದು ಕೈಯ ಕೂದಲು ಬೋಳಿಸಿ ನೋಡುವುದು ಪದ್ಧತಿ.’

‘ಬೇರೆಯವರು ತಿರುಪತಿಗೆ ಹೋಗಿ ಒಂದೇ ಸಲಕ್ಕೆ ಮುಡಿ ಕೊಟ್ಟು ಬರುತ್ತಾರೆ. ಇವನು ಕಂತಿನಲ್ಲಿ ಕೊಡುತ್ತಿದ್ದಾನೆ. ಈ ತಿಂಗಳು ಎಡಗೈ’ ಎಂದರು ಶೇಷಣ್ಣ, ಜಗಲಿಯ ಕಂಬಕ್ಕೆ ಒರಗಿ ಎಲೆಅಡಿಕೆಯ ಕವಳದ ಸಂಚಿ ಬಿಚ್ಚುತ್ತಾ.

ಆಷಾಢ. ತೀರ್ಥಹಳ್ಳಿ ಕಡೆಯ ಆಷಾಢವೆಂದರೆ ಬೇರೆ ವಿವರಣೆ ಬೇಡ. ಕರೆಂಟು ಹೋಗಿ ಎರಡು ದಿನ, ನೆಟ್‌ವರ್ಕ್ ಹೋಗಿ ಒಂದೂವರೆ ದಿನ. ಮನೆಯಿಂದಲೇ ಕಚೇರಿ ನಡೆಸುವ ಪ್ರಸನ್ನನಿಗೆ ಮಾಡಲು ಕೆಲಸವಿಲ್ಲದೆ, ಪ್ಲಾಸ್ಟಿಕ್ ಹೊದಿಸಿದ ಪೆಟ್ಟಿಗೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಶೇಷಣ್ಣ, ಗಿರಿಜಕ್ಕ ದಂಪತಿಯ ಮನೆಗೆ ಬಂದಿದ್ದ. ರಾಮಣ್ಣನೂ ಮೇಷ್ಟರೂ ಅವನಿಗಿಂತ ಮೊದಲೇ ಬಂದು ಹಪ್ಪಳದ ತಟ್ಟೆಯ ಆಚೀಚೆ ಕುಳಿತಿದ್ದರು.

ಪೆಟ್ಟಿಗೆ ತೆರೆಯಿತು. ಒಳಗೆ ಇಟ್ಟಿಗೆಯಂಥ ಮೂರು ಕಲ್ಲು, ಬಟ್ಟೆಯಲ್ಲಿ ಸುತ್ತಿದ ಎರಡು ಚಾಕು, ಕಪ್ಪು ಮಾರ್ಕರ್ ಪೆನ್ನು, ಚರ್ಮದ ಒಂದು ಪಟ್ಟಿ.

‘ಇದು ನಾನೂರು ನಂಬರ್, ಇದು ಸಾವಿರ, ಇದು ಆರು ಸಾವಿರ’ ಎಂದ ಪ್ರಸನ್ನ.

‘ಬೆಲೆಯೇ?’ ಎಂದರು ರಾಮಣ್ಣ ಗಾಬರಿಯಾಗಿ.

‘ಬೆಲೆಯಲ್ಲ. ನಂಬರ್ ಹೆಚ್ಚಾದಷ್ಟೂ ಕಲ್ಲಿನ ಕಣ ನಯ. ಮೊಂಡಾದದ್ದಕ್ಕೆ ಆಕಾರ ಕೊಡಲು ನಾನೂರು, ಹರಿತ ಬರಿಸಲು ಸಾವಿರ, ಹೊಳಪಿಗೆ ಆರು ಸಾವಿರ. ಮೂರೂ ಸೇರಿ ಒಂಬತ್ತು ಸಾವಿರ ಆಯಿತು.’

ರಾಮಣ್ಣ ಹಪ್ಪಳವನ್ನು ಬಾಯಿಯ ಹತ್ತಿರವೇ ನಿಲ್ಲಿಸಿದರು.

‘ಮಾರಾಯ, ಕತ್ತಿ ಮಸೆಯಲು ಒಂಬತ್ತು ಸಾವಿರದ ಕಲ್ಲೇ? ನಮ್ಮೂರಿನಲ್ಲಿ ಅದಕ್ಕೆ ಕಲ್ಲೇ ಬೇಕಾಗಿರಲಿಲ್ಲವಲ್ಲ. ಒಬ್ಬ ದಾಯಾದಿ ಇದ್ದರೆ ಸಾಕಿತ್ತು. ನಾನೂ ಬೇಲಿಯಾಚೆಯ ನನ್ನ ಚಿಕ್ಕಪ್ಪನ ಮಗನೂ ಇಪ್ಪತ್ತು ವರ್ಷದಿಂದ ಮಸೆಯುತ್ತಿದ್ದೇವೆ, ಒಂದು ಪೈಸೆ ಖರ್ಚಿಲ್ಲ’ ಎಂದರು ಶೇಷಣ್ಣ.

‘ವಕೀಲರ ಫೀಸು?’ ಎಂದರು ಗಿರಿಜಕ್ಕ ಒಳಗಿನಿಂದ.

ಶೇಷಣ್ಣ ಅದನ್ನು ಕೇಳಿಸಿಕೊಳ್ಳಲಿಲ್ಲ. ‘ನಂಬರ್ ಲೆಕ್ಕ ಮಾತ್ರ ಸರಿಯಾಗಿದೆ ನೋಡು. ನಾನೂರು ಎಂದರೆ ಬೇಲಿ ಜಗಳ. ಒರಟು, ಊರಿಗೆಲ್ಲ ಕೇಳುತ್ತದೆ. ಸಾವಿರ ಎಂದರೆ ಪಾಲಿನ ಪಂಚಾಯಿತಿ. ದಿನಾ ಸ್ವಲ್ಪ ಸ್ವಲ್ಪ, ಎರಡೂ ಬದಿಗೆ ಸಮನಾಗಿ. ಆರು ಸಾವಿರ ಎಂದರೆ ಮದುವೆಮನೆಯಲ್ಲಿ ಎದುರಾದಾಗ ನಗುತ್ತಾ, ‘ಏನು ಶೇಷಣ್ಣ, ಸಣ್ಣಗಾಗಿಬಿಟ್ಟಿದ್ದೀಯಲ್ಲ!’ ಎನ್ನುವುದು. ಕೊಯ್ದದ್ದು ಅಲ್ಲಿ ಗೊತ್ತಾಗುವುದಿಲ್ಲ. ಮನೆಗೆ ಬಂದು ಅಂಗಿ ಬಿಚ್ಚುವಾಗ ಗೊತ್ತಾಗುತ್ತದೆ.’

ಪ್ರಸನ್ನ ನಕ್ಕನಾದರೂ ಪಟ್ಟು ಬಿಡಲಿಲ್ಲ. ಹೊಸದಾಗಿ ಮಡಿ ಕಲಿತವನಿಗೆ ಇರುವ ಶ್ರದ್ಧೆ ಅವನದು. ‘ಒಂದು ಬಕೆಟ್ ನೀರು ಬೇಕಿತ್ತು. ಕಲ್ಲನ್ನು ಹತ್ತು ಹದಿನೈದು ನಿಮಿಷ ನೆನೆಸಬೇಕು, ಗುಳ್ಳೆ ಬರುವುದು ನಿಲ್ಲುವವರೆಗೆ.’

‘ಈ ಮಳೆಯಲ್ಲಿ ಬಕೆಟ್ಟೇ? ಅಂಗಳದಲ್ಲಿಡು. ಇಲ್ಲಿ ಮನುಷ್ಯರೇ ನೆನೆದು ಗುಳ್ಳೆ ಬಿಡುತ್ತಿದ್ದಾರೆ.’

ಕಲ್ಲುಗಳು ನೆನೆಯುತ್ತಿರುವಾಗ ಚಾಕುವಿನ ಬಟ್ಟೆ ಬಿಚ್ಚಿತು. ಒಂದು ಜಪಾನಿನದು, ಒಸಾಕಾದ ಪಕ್ಕದ ಸಕಾಯ್ ಎಂಬ ಊರಿನಲ್ಲಿ ಮಾಡಿದ್ದು. ಮೇಷ್ಟರಿಗೆ ಇಂಥಲ್ಲಿ ಸುಮ್ಮನಿರಲಾಗುವುದಿಲ್ಲ. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಜಪಾನಿಗೆ ಹೊಗೆಸೊಪ್ಪು ತಂದದ್ದು, ಅದನ್ನು ಎಳೆಎಳೆಯಾಗಿ ಕೊಚ್ಚುವ ಚಾಕು ಮಾಡಿಯೇ ಸಕಾಯ್‌ನವರು ಹೆಸರಾದದ್ದು, ಎಲ್ಲವನ್ನೂ ಹೇಳಿದರು.

‘ಹಾಗಾದರೆ ನಮ್ಮವರೇ ಬಿಡಿ. ಅವರದು ಹೊಗೆಸೊಪ್ಪು, ನಮ್ಮದು ಅಡಿಕೆ. ಎರಡೂ ಊರು ಸೇರಿದರೆ ಒಂದು ಕವಳವಾಗುತ್ತದೆ’ ಎಂದು ಶೇಷಣ್ಣ ಸಿದ್ಧವಾಗಿದ್ದ ಕವಳವನ್ನು ಬಾಯಿಗೆ ಹಾಕಿಕೊಂಡರು. ಮುಂದಿನ ಐದು ನಿಮಿಷ ಪ್ರಸನ್ನನಿಗೆ ಅಡ್ಡಿಯಿಲ್ಲದೆ ಮಾತನಾಡಲು ಸಿಕ್ಕಿತು.

ಅವನು ಹೇಳಿದ್ದರಲ್ಲಿ ತಥ್ಯವಿಲ್ಲದಿರಲಿಲ್ಲ, ಅದನ್ನು ಒಪ್ಪಬೇಕು. ಮೊಂಡು ಚಾಕುವೇ ಅಪಾಯ, ಒತ್ತಬೇಕಾಗುತ್ತದೆ, ಒತ್ತಿದಾಗ ಜಾರಿ ಬೆರಳಿಗೆ ಬರುತ್ತದೆ. ಮೊಂಡು ಚಾಕು ಈರುಳ್ಳಿಯನ್ನು ಕೊಯ್ಯುವುದಿಲ್ಲ, ಜಜ್ಜುತ್ತದೆ. ಜಜ್ಜಿದಷ್ಟೂ ಕಣ್ಣು ಉರಿಸುವ ಅಂಶ ಹೆಚ್ಚು ಹೊರಬರುತ್ತದೆ. ಹರಿತವಾದ ಚಾಕುವಿನಿಂದ ಹೆಚ್ಚಿದರೆ ಕಣ್ಣೀರು ಕಡಿಮೆ.

‘ಹೌದೇ? ಮದುವೆಯಾಗಿ ಬಂದ ಹೊಸದರಲ್ಲಿ ಅಡುಗೆಮನೆಯಲ್ಲಿ ಅತ್ತದ್ದೆಲ್ಲ ಅತ್ತೆಯಿಂದ ಎಂದುಕೊಂಡಿದ್ದೆ. ಚಾಕುವಿನದ್ದಾಗಿತ್ತೇ!’ ಎಂದರು ಗಿರಿಜಕ್ಕ ಬಾಗಿಲಲ್ಲಿ ನಿಂತು.

ಎರಡನೆಯ ಚಾಕು ಬೇಟೆಯದು. ಹೊಟ್ಟೆ ಉಬ್ಬಿದ ಅಲಗು, ಕೊಂಬಿನಂಥ ಹಿಡಿ. ಅದನ್ನು ಕಂಡದ್ದೇ ರಾಮಣ್ಣನ ಮಾತಿನಲ್ಲಿ ಅವರ ಅಜ್ಜ ಎದ್ದು ಕುಳಿತರು. ಅವರು ಹೊಡೆದ ಹುಲಿ ಪ್ರತಿ ಮಳೆಗಾಲದಲ್ಲಿ ಒಂದು ಅಡಿ ಬೆಳೆಯುತ್ತದೆ. ಈ ವರ್ಷ ಹನ್ನೆರಡಕ್ಕೆ ಬಂದಿತ್ತು. ಅಜ್ಜನ ಕೋವಿ ಈಗಲೂ ಮನೆಯಲ್ಲಿದೆ, ಬೆಳೆ ಕಾಯುವ ಲೈಸೆನ್ಸಿನ ಮೇಲೆ. ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಗೆ ಹೋಗಿ ವಿಶ್ರಾಂತಿ ಪಡೆದು ಬರುತ್ತದೆ.

‘ಬೇಟೆ ಚಾಕುವಿನ ಅಂಚು ದಪ್ಪ ಇರಬೇಕು’ ಎಂದ ಪ್ರಸನ್ನ. ‘ಮೂಳೆಗೆ ತಾಗಿದರೂ ಚೂರು ಹಾರಬಾರದು. ಒಂದೊಂದು ಬದಿಗೆ ಇಪ್ಪತ್ತರಿಂದ ಇಪ್ಪತ್ತೈದು ಡಿಗ್ರಿ. ಜಪಾನಿನದಕ್ಕೆ ಹದಿನೈದು ಸಾಕು.’

‘ನಮ್ಮ ಕಾಲದಲ್ಲಿ ಡಿಗ್ರಿ ಎರಡಕ್ಕೆ ಮಾತ್ರ ಕೇಳುತ್ತಿದ್ದರು, ಜ್ವರಕ್ಕೆ ಮತ್ತು ಮದುವೆಗೆ’ ಎಂದರು ಶೇಷಣ್ಣ. ‘ಅದಿರಲಿ, ಬೇಟೆ ಯಾವುದು? 1972ರಲ್ಲಿ ವನ್ಯಜೀವಿ ಕಾಯ್ದೆ ಬಂದಾಗ ನಿನ್ನ ಅಪ್ಪನಿಗೇ ಮೀಸೆ ಮೂಡಿರಲಿಲ್ಲ. ನಿನಗೆ ಉಳಿದಿರುವ ಶಿಕಾರಿ ಒಂದೇ, ಶಿಕಾರಿಪುರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು. ಅದಕ್ಕೆ ಕರವಸ್ತ್ರ ಸಾಕು.’

‘ತೋಟಕ್ಕೆ ಮಂಗ ಬರುತ್ತದಲ್ಲ’ ಎಂದು ರಾಮಣ್ಣ ಹುಡುಗನ ಪರ ವಹಿಸಿದರು.

‘ಮಂಗನಿಗೆ ಈ ಚಾಕು ತೋರಿಸಿದರೆ ಅದು ಕಿತ್ತುಕೊಂಡು ಹೋಗಿ ಬಾಳೆಗೊನೆ ಕೊಯ್ಯುತ್ತದೆ. ಈಗ ಕೈಯಿಂದ ಕೀಳುತ್ತಿದೆ, ಪಾಪ, ಸಲಕರಣೆಯಿಲ್ಲ.’

ಮಸೆಯುವುದು ಆರಂಭವಾಯಿತು. ಅಲಗಿನ ಅಂಚಿಗೆ ಮಾರ್ಕರ್‌ನಿಂದ ಕಪ್ಪು ಬಳಿದ. ಕಲ್ಲಿನ ಮೇಲೆ ಎರಡು ಸಲ ಎಳೆದು ಕಪ್ಪು ಎಲ್ಲಿ ಹೋಯಿತು, ಎಲ್ಲಿ ಉಳಿಯಿತು ಎಂದು ನೋಡಿದ. ತುದಿಯವರೆಗೂ ಹೋಗಿದ್ದರೆ ಓರೆ ಸರಿಯಾಗಿದೆ, ಮೇಲೆ ಮಾತ್ರ ಹೋಗಿದ್ದರೆ ಕೈ ತೀರಾ ತಗ್ಗಿದೆ ಎಂದರ್ಥವಂತೆ. ಇದು ಉಪಾಯವೇ ಸರಿ ಎಂದು ಶೇಷಣ್ಣನೂ ಒಳಗೊಳಗೇ ಒಪ್ಪಿರಬೇಕು, ಏನೂ ಹೇಳದೆ ಹೋಗಿ ಕವಳ ಉಗಿದು ಬಂದರು.

‘ಒಂದು ಬದಿ ಮಸೆಯುತ್ತಾ ಹೋದರೆ ಅಂಚಿನ ಲೋಹ ಕೂದಲೆಳೆಯಷ್ಟು ಆಚೆ ಬದಿಗೆ ಬಾಗಿ ನಿಲ್ಲುತ್ತದೆ. ಬೆರಳನ್ನು ಅಡ್ಡ ಸವರಿದರೆ ತೊಡರುತ್ತದೆ. ಅದು ಸಿಕ್ಕಿದ ಮೇಲೆಯೇ ಬದಿ ಬದಲಿಸಬೇಕು. ಕೊನೆಗೆ ಈ ಚರ್ಮದ ಮೇಲೆ ಹಸಿರು ಲೇಪ ಹಚ್ಚಿ ಹಿಮ್ಮುಖವಾಗಿ ಎಳೆದರೆ ಆ ಎಳೆ ಉದುರಿಹೋಗುತ್ತದೆ.’

‘ಚರ್ಮ ಎಲ್ಲಿ ಸಿಕ್ಕಿತು?’

‘ನನ್ನ ಹಳೆಯ ಬೆಲ್ಟು.’

‘ಅದಕ್ಕೇ ಬರುವಾಗ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡಿದ್ದೆ’ ಎಂದರು ಶೇಷಣ್ಣ.

ಮೇಷ್ಟರಿಗೆ ಇಷ್ಟರಲ್ಲಿ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಕಪ್ಪು ಸಾಣೆಕಲ್ಲು ನೆನಪಾಯಿತು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕೃತಕ ವಜ್ರ ಮಾಡಲು ಹೊರಟು ಆ ಕಲ್ಲಿಗೆ ಬೇಕಾದ ಕಾರ್ಬೊರಂಡಮ್ ಮಾಡಿಬಿಟ್ಟ ಕಥೆ ಬಂತು. ವಿನಾಯಕನನ್ನು ಮಾಡಲು ಹೋಗಿ ಅವನಪ್ಪನನ್ನು ಮಾಡಿದ ಕಥೆಗಳಲ್ಲಿ ಲೋಕಕ್ಕೆ ಉಪಯೋಗವಾದದ್ದು ಇದೊಂದೇ ಎಂದು ಮೇಷ್ಟರ ಅಭಿಪ್ರಾಯ. ಅಲ್ಲಿಂದ ಅವರು ಶಿವಮೊಗ್ಗದ ಬೀದಿಗಳಲ್ಲಿ ಸೈಕಲ್ ಮೇಲೆ ಬರುತ್ತಿದ್ದ ಸಾಣೆಯವನಿಗೆ ಹೋದರು. ಸ್ಟ್ಯಾಂಡ್ ಹಾಕಿ, ನಿಂತಲ್ಲೇ ಪೆಡಲ್ ತುಳಿದು, ಸಾಣೆಚಕ್ರ ತಿರುಗಿಸಿ, ಕತ್ತರಿ ಇಟ್ಟರೆ ಕಿಡಿ. ಶಾಲೆಗೆ ಹೊರಟ ಮಕ್ಕಳೆಲ್ಲ ಆ ಕಿಡಿಗೆ ಅಂಗೈ ಒಡ್ಡುತ್ತಿದ್ದರಂತೆ, ಸುಡುತ್ತಿರಲಿಲ್ಲವಂತೆ.

‘ಆ ಚಕ್ರದಲ್ಲಿ ಅಂಚು ಕಾದು ನೀಲಿಯಾಗುತ್ತದೆ ಸಾರ್. ನೀಲಿಯಾದರೆ ಉಕ್ಕಿನ ಹದ ಹೋಯಿತು, ಮತ್ತೆ ಹರಿತ ನಿಲ್ಲುವುದಿಲ್ಲ’ ಎಂದ ಪ್ರಸನ್ನ.

‘ಇರಬಹುದಪ್ಪ. ಕಿಡಿ ಮಾತ್ರ ಚೆನ್ನಾಗಿತ್ತು’ ಎಂದರು ಮೇಷ್ಟರು.

ಮುಕ್ಕಾಲು ಗಂಟೆಯ ಮೇಲೆ ಜಪಾನಿ ಚಾಕು ಸಿದ್ಧವಾಯಿತು. ಪ್ರಸನ್ನ ಜಗಲಿಯಲ್ಲಿದ್ದ ಮೊನ್ನೆಯ ಪತ್ರಿಕೆಯ ಹಾಳೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಮೇಲಿಂದ ಇಳಿಬಿಟ್ಟ. ಸದ್ದಿಲ್ಲದೆ ಎರಡಾಯಿತು. ಎರಡು ನಾಲ್ಕಾಯಿತು.

‘ಅಡಿಕೆ ಧಾರಣೆ ಆ ಪುಟದಲ್ಲಿತ್ತು’ ಎಂದರು ರಾಮಣ್ಣ. ‘ಇರಲಿ, ಅದು ಮೊದಲೇ ಕುಸಿದಿತ್ತು.’

‘ಒಳ್ಳೆಯದಾಯಿತು’ ಎಂದು ಗಿರಿಜಕ್ಕ ಹಿತ್ತಿಲ ಕಡೆ ಕೈ ತೋರಿಸಿದರು. ‘ಕೊನೆಯದೊಂದು ಹಲಸಿನಹಣ್ಣು ಉಳಿದಿದೆ, ಮಳೆಗೆ ಕೊಳೆಯುವ ಮೊದಲು ಬಿಡಿಸಬೇಕು. ಸೀಳಿ ಕೊಡು.’

ಪ್ರಸನ್ನ ಚಾಕುವನ್ನು ಎದೆಗೆ ಅವುಚಿಕೊಂಡ. ‘ಹಲಸಿಗೆ ಬೇಡ ಗಿರಿಜಕ್ಕ. ಮೇಣ ಅಂಟುತ್ತದೆ. ಇದು ಬಹಳ ಗಡಸು ಉಕ್ಕು, ಓರೆ ಮಾಡಿ ಒತ್ತಿದರೆ ಅಂಚಿನಲ್ಲಿ ಚೂರು ಹಾರುತ್ತದೆ.’

‘ಸಿಹಿಗುಂಬಳ?’

‘ಅದರ ಸಿಪ್ಪೆ ಗಟ್ಟಿ.’

‘ತೆಂಗಿನಕಾಯಿ ಎನ್ನಬೇಡ ಮಾರಾಯ್ತಿ, ಹುಡುಗ ಅತ್ತುಬಿಡುತ್ತಾನೆ’ ಎಂದರು ಶೇಷಣ್ಣ. ‘ಹಾಗಾದರೆ ಇದರಿಂದ ಕೊಯ್ಯುವುದೇನು?’

‘ಟೊಮೆಟೊ. ಸೌತೆಕಾಯಿ. ಕೊಯ್ದ ತಕ್ಷಣ ಒರೆಸಿ, ಎಣ್ಣೆ ಸವರಿ, ಬಟ್ಟೆ ಸುತ್ತಿಡಬೇಕು. ಇಲ್ಲದಿದ್ದರೆ ಈ ಹವೆಗೆ ತುಕ್ಕು ಹಿಡಿಯುತ್ತದೆ.’

‘ಬಾಣಂತಿಗೂ ಇಷ್ಟು ಎಣ್ಣೆ ಹಚ್ಚುವುದಿಲ್ಲ. ಮೂರು ತಿಂಗಳು ಮಸೆದು ಇದುವರೆಗೆ ನೀನು ಕೊಯ್ದದ್ದು ಕಾಗದ ಮತ್ತು ನಿನ್ನದೇ ಕೈಯ ಕೂದಲು. ಇದನ್ನು ದೇವರ ಮನೆಯಲ್ಲಿಡು, ಆಯುಧಪೂಜೆಗೆ ಕುಂಕುಮ ಹಚ್ಚೋಣ.’

‘ಮಸೆಯುವಾಗ ಮನಸ್ಸಿಗೆ ಒಂದು ಶಾಂತಿ ಸಿಗುತ್ತದೆ ಶೇಷಣ್ಣ. ಒಂದು ಥರ ಧ್ಯಾನ.’

‘ಬಚ್ಚಲು ತಿಕ್ಕಿದರೂ ಸಿಗುತ್ತದೆ. ಅದನ್ನು ಯಾರೂ ಜಪಾನಿನಿಂದ ತರಿಸುವುದಿಲ್ಲ, ಅಷ್ಟೇ ವ್ಯತ್ಯಾಸ.’

ಮಾತು ಮುಗಿಯುವಷ್ಟರಲ್ಲಿ ಗಿರಿಜಕ್ಕ ಮೂಲೆಯಲ್ಲಿದ್ದ ಮೆಟ್ಟುಗತ್ತಿಯನ್ನು ಎತ್ತಿಕೊಂಡು ಬಚ್ಚಲುಮನೆಯ ಕಡೆ ಹೊರಟಿದ್ದರು. ಪ್ರಸನ್ನನೂ ಹಿಂದೆ ಹೋದ. ಅವನ ಹಿಂದೆ ಉಳಿದವರೂ ಎದ್ದರು, ತಟ್ಟೆಯಲ್ಲಿ ಹಪ್ಪಳ ಮುಗಿದಿತ್ತು.

ಮೆಟ್ಟುಗತ್ತಿ ಲಾರಿಯ ಸ್ಪ್ರಿಂಗ್ ಪಟ್ಟೆಯಿಂದ ಆಚಾರಿ ಬಡಿದು ಕೊಟ್ಟದ್ದು. ಅಂಗೈಯಗಲ ಇದ್ದ ಅಲಗು ಸವೆದು ಈಗ ಬಿದಿಗೆಯ ಚಂದ್ರನಂತಾಗಿದೆ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಇದೇ ಅಂಗಳದಲ್ಲಿ ಇಂಥ ಹದಿನೈದಿಪ್ಪತ್ತು ಕತ್ತಿಗಳು ಸಾಲಾಗಿ ಕೂರುತ್ತಿದ್ದವು. ಸುಲಿಯಲು ಬಂದವರು ಅವರವರ ಕತ್ತಿಯನ್ನು ಅವರವರೇ ತರುತ್ತಿದ್ದರು. ಬಾಯಲ್ಲಿದ್ದ ಕವಳ ಬೇಕಾದರೂ ಹಂಚಿಕೊಂಡಾರು, ಕತ್ತಿ ಕೊಡುತ್ತಿರಲಿಲ್ಲ. ಈಗ ಮೆಷಿನ್ ಬರುತ್ತದೆ, ಸದ್ದು ಮಾಡುತ್ತದೆ, ಹೋಗುತ್ತದೆ.

ಬಚ್ಚಲಿನ ಹೊರಗೆ ಸೂರಿನಡಿ ಮಸೆಗಲ್ಲು. ನಡುವೆ ಗುಳಿ. ಗುಳಿಯಲ್ಲಿ ಮಳೆನೀರು. ಪ್ರಸನ್ನ ಕುಕ್ಕರುಗಾಲಿನಲ್ಲಿ ಕುಳಿತು ಅದನ್ನು ಬೆರಳಿನಿಂದ ಸವರಿ ನೋಡಿದ. ಜಪಾನಿನ ಕಲ್ಲಿಗೆ ತೋರಿಸಿದ್ದಷ್ಟೇ ಗೌರವ.

‘ಕಣ ಎಷ್ಟು ನಯ ಇದೆ! ಆದರೆ ಗುಳಿ ಬಿದ್ದ ಕಲ್ಲಿನಲ್ಲಿ ಅಂಚು ನೇರ ಬರುವುದಿಲ್ಲ ಶೇಷಣ್ಣ, ಸಮತಟ್ಟು ಮಾಡಬೇಕು. ಅದಕ್ಕೆಂದೇ ಇನ್ನೊಂದು ಕಲ್ಲಿದೆ ನನ್ನ ಹತ್ತಿರ.’

ಕಲ್ಲು ಮಸೆಯುವ ಕಲ್ಲು. ಇದಕ್ಕಿಂತ ಸುಲಭದ ಚೆಂಡು ಶೇಷಣ್ಣನಿಗೆ ಇಡೀ ದಿನ ಸಿಕ್ಕಿರಲಿಲ್ಲ. ಅವರು ಬಾಯಿ ತೆರೆಯಲಿಲ್ಲ.

ಪ್ರಸನ್ನ ಇನ್ನೂ ಬಗ್ಗಿ ನೋಡುತ್ತಿದ್ದ. ‘ಗುಳಿ ಈ ಕಡೆಗೆ ವಾಲಿದೆ. ಇಲ್ಲಿ ಮಸೆಯುತ್ತಿದ್ದವರು ಎಡಚರೇ?’

‘ಅಮ್ಮ’ ಎಂದರು ಶೇಷಣ್ಣ.

ಗಿರಿಜಕ್ಕ ಗುಳಿಯ ನೀರನ್ನು ಕೈಯಿಂದ ಚೆಲ್ಲಿ ಕತ್ತಿಯನ್ನು ಕಲ್ಲಿಗಿಟ್ಟರು. ಎಡಗೈಯಲ್ಲಿ. ಅರೆ ಮುಚ್ಚಿದ ಕಣ್ಣಿನಲ್ಲಿ ಎಳೆದು, ಹೆಬ್ಬೆರಳು ಅಡ್ಡ ಸವರಿ, ‘ಇನ್ನೂ ನಾಲ್ಕು ಸಲ’ ಎಂದುಕೊಂಡರು. ಎಲ್ಲರೂ ತಮ್ಮ ಕೈಯನ್ನೇ ನೋಡುತ್ತಿರುವುದು ಅವರಿಗೆ ಆಮೇಲೆ ತಿಳಿಯಿತು.

‘ಏನು ನೋಡುತ್ತೀರಿ? ಬಲಗೈಯಲ್ಲಿ ಈ ಕಲ್ಲು ಕೂರುವುದಿಲ್ಲ. ಸೊಸೆಯಾಗಿ ಬಂದ ಮೊದಲ ವಾರವೇ ಅತ್ತೆ ಕೈ ಬದಲಿಸಿ ಹಿಡಿಸಿದರು. ಉಳಿದದ್ದಕ್ಕೆಲ್ಲ ನನ್ನದು ಬಲಗೈಯೇ, ಈ ಕಲ್ಲಿನ ಮುಂದೆ ಮಾತ್ರ ಎಡಚಿ.’

ಸೂರಿನ ನೀರು ಸುರಿಯುತ್ತಿತ್ತು. ಅದರ ನಡುವೆ ಸರ್, ಸರ್ ಎಂದು ಕತ್ತಿಯ ಸದ್ದು. ಶೇಷಣ್ಣ ಹಲಸಿನಹಣ್ಣು ತರಲು ಹಿತ್ತಿಲಿಗೆ ಇಳಿದರು, ಕೊಡೆ ಮರೆತು. ಪ್ರಸನ್ನ ತಲೆ ಓರೆ ಮಾಡಿ, ಒಂದು ಕಣ್ಣು ಮುಚ್ಚಿ, ಗಿರಿಜಕ್ಕನ ಕೈಯ ಓರೆಯನ್ನು ಅಳೆದ.

‘ಹದಿನೆಂಟು ಡಿಗ್ರಿ ಇರಬಹುದು’ ಎಂದ, ಮೆಲ್ಲಗೆ.